ಟಿ ಕೋಶಕ್ಕೆ ಬೇಕಾದ ಎರಡನೆಯ ಸಂಕೇತ

ದಿವಾದಿಂದ ಠಾಣೆಗೆ ಹೋಗಿ ಪನ್ವೇಲ್ ಲೋಕಲ್ ಹಿಡಿದರೆ ಖಾರ್ಘರ್ ಬರುತ್ತದೆ. ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಸ್ಥೆ ಆಕ್ಟ್ರೆಕ್ ಇರುವುದು ಅಲ್ಲೇ. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ತಂಡ ರೂಪಿಸಿದ ಕಾರ್-ಟಿ ಕೋಶಗಳನ್ನು (ಕ್ಯಾನ್ಸರನ್ನು ಗುರುತಿಸುವ ಕೃತಕ ಗ್ರಾಹಕ ಜೋಡಿಸಿದ ರೋಗನಿರೋಧಕ ಟಿ ಕೋಶಗಳನ್ನು) 2021ರ ಜೂನ್ 4ರಂದು ಮೊದಲ ಬಾರಿಗೆ ರೋಗಿಗೆ ಕೊಟ್ಟದ್ದು ಅಲ್ಲಿನ ಅಸ್ಥಿಮಜ್ಜೆ ಕಸಿ ಘಟಕದಲ್ಲಿ. ಇಂದು ದಿವಾದಲ್ಲಿ ಈ ಸಂಕಿರಣಕ್ಕೆ ಸೇರಿರುವ ಕನ್ನಡದ ವೈದ್ಯರು, ದಾದಿಯರು, ಅಧ್ಯಾಪಕರು ಚರ್ಚಿಸಲಿರುವ ವಿಷಯ ಈ ಊರಿಗೆ ಅಷ್ಟು ಹತ್ತಿರದ್ದು.

ಕ್ಯಾನ್ಸರಿನ ಗುರುತು ಕಂಡ ಮಾತ್ರಕ್ಕೆ ಟಿ ಕೋಶ ಅದರ ಮೇಲೆ ಎರಗುವುದಿಲ್ಲ. ಗುರುತು ಹಿಡಿಯುವುದು ಮೊದಲ ಸಂಕೇತ, ಅಷ್ಟೆ. ಸಿಡಿ28, 4-1ಬಿಬಿ ಮೊದಲಾದ ಸಹಪ್ರಚೋದಕ ಗ್ರಾಹಕಗಳ ಮೂಲಕ ಎರಡನೆಯ ಸಂಕೇತವೂ ಬರಬೇಕು. ಬಾರದಿದ್ದರೆ ಕೋಶ ಮಂಕಾಗಿ ಕೂರುತ್ತದೆ. ಇಸ್ರೇಲಿನ ಝೆಲಿಗ್ ಎಶ್ಹಾರ್ 1989ರಲ್ಲಿ ತೋರಿಸಿಕೊಟ್ಟ ಕೃತಕ ಗ್ರಾಹಕದಲ್ಲಿ ಈ ಭಾಗ ಇರಲಿಲ್ಲ. ಆ ತಲೆಮಾರಿನ ಕೋಶಗಳು ರೋಗಿಯ ಮೈಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಮುಂದೆ ಸಿಡಿ28 ಜೋಡಿಸಿದಾಗ ಏಟು ಬಿರುಸಾಯಿತು, 4-1ಬಿಬಿ ಜೋಡಿಸಿದಾಗ ಬಾಳಿಕೆ ಹೆಚ್ಚಿತು.

ಪುರ್ವಾರ್ ತಂಡದ ಕಾರ್-ಟಿ ಚಿಕಿತ್ಸೆಯಾದ ನೆಕ್ಸ್‌ಕಾರ್19 ಆರಿಸಿಕೊಂಡದ್ದು 4-1ಬಿಬಿಯನ್ನು. 2023ರ ಅಕ್ಟೋಬರಿನಲ್ಲಿ ಅದಕ್ಕೆ ಅನುಮೋದನೆ ಸಿಕ್ಕಿತು. ಪರಿಣಾಮವನ್ನು ಅಳೆಯಲು ಸಾಧ್ಯವಾದ ರೋಗಿಗಳಲ್ಲಿ ಶೇ. 73 ಮಂದಿಗೆ ಗುಣ ಕಂಡಿತೆಂದು 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಪ್ರಕಟಿಸಿತು. ಬೆಲೆ ವಿದೇಶದ ಚಿಕಿತ್ಸೆಯ ಸುಮಾರು ಹತ್ತನೆಯ ಒಂದು ಪಾಲು. ಹಾಗಿದ್ದರೂ ದಿವಾದ ಚಾಳಿನ ಸಂಸಾರಕ್ಕೆ ಅದು ಎಟುಕದ ಮೊತ್ತವೇ. ಈ ಮಾತನ್ನು ಬದಿಗಿಟ್ಟು ಸಂಕಿರಣ ನಡೆಸುವುದು ಸರಿಯಲ್ಲ.

ಎರಡನೆಯ ಸಂಕೇತ ಅಳತೆ ಮೀರಿದರೆ ಏನಾಗುತ್ತದೆ ಎಂಬುದನ್ನು 2006ರ ಮಾರ್ಚಿನಲ್ಲಿ ಲಂಡನ್ ಕಂಡಿತು. ಸಿಡಿ28ನ್ನು ನೇರವಾಗಿ ಕೆರಳಿಸುವ ಟಿಜಿಎನ್1412 ಔಷಧ ಪಡೆದ 6 ಮಂದಿ ಆರೋಗ್ಯವಂತ ಸ್ವಯಂಸೇವಕರು ಒಂದೇ ದಿನದೊಳಗೆ ತೀವ್ರ ನಿಗಾ ಘಟಕ ಸೇರಿದರು.

ಕಾರ್-ಟಿ ಕೋಶಗಳೂ ಹೀಗೆ ಅಳತೆ ಮೀರಿ ಕೆರಳಬಹುದಾದ್ದರಿಂದ ಅವನ್ನು ಪಡೆದವರ ಹಾಸಿಗೆಯ ಬಳಿ ಇಂದಿಗೂ ಅದೇ ಎಚ್ಚರ. ಜ್ವರ, ರಕ್ತದೊತ್ತಡ ನೋಡಿದ ಮೇಲೆ ದಾದಿ ಕಾಗದ ಕೊಟ್ಟು ಒಂದು ವಾಕ್ಯ ಬರೆಸುತ್ತಾರೆ. ನೂರರಿಂದ ಹತ್ತು ಹತ್ತು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳುತ್ತಾರೆ. ನಿನ್ನೆ ನೆಟ್ಟಗಿದ್ದ ಅಕ್ಷರ ಇಂದು ಸೊಟ್ಟಗಾದರೆ ತೊಂದರೆ ಮಿದುಳನ್ನು ಮುಟ್ಟಿರಬಹುದು. ಕನ್ನಡವಷ್ಟೇ ಬರೆಯಬಲ್ಲ ಅಜ್ಜಿಗೆ ಈ ಪರೀಕ್ಷೆ ಕನ್ನಡದಲ್ಲೇ ಆಗಬೇಕು. ಅದಕ್ಕೊಂದು ಸರಳ ನಮೂನೆಯನ್ನು ಈ ಸಂಕಿರಣವೇ ಸಿದ್ಧಪಡಿಸಿಕೊಡಲಿ.

ಇನ್ನೊಂದು ಕೋರಿಕೆ ಡೊಂಬಿವಲಿ, ಕಲ್ಯಾಣ, ದಿವಾದ ವೈದ್ಯರಿಗೆ. ಕಾರ್-ಟಿಯ ಕಚ್ಚಾವಸ್ತು ರೋಗಿಯದೇ ಟಿ ಕೋಶಗಳು. ಕೀಮೋ ಸುತ್ತುಗಳು ಹೆಚ್ಚಿದಂತೆ ಅವು ಸೊರಗುತ್ತವೆ. ಬಿ ಕೋಶದ ರಕ್ತ ಕ್ಯಾನ್ಸರ್ ಮರುಕಳಿಸಿತೆಂದು ತಿಳಿದ ಕೂಡಲೇ, ಇನ್ನೊಂದು ಸುತ್ತು ಕೀಮೋ ಶುರುಮಾಡುವ ಮೊದಲು, ಖಾರ್ಘರಿಗೆ ಒಂದು ಫೋನ್ ಮಾಡಿ ಕೇಳಿ.