ನಾವು ಓದು ಕಲಿತ ಬಗೆ

(ಸಂಡೂರಿನಲ್ಲಿ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಬಾಲ್ಯದಲ್ಲಿ ಓದು ಕಲಿತ ಬಗೆಯನ್ನೂ ಆಗ ಮೆಚ್ಚಿದ ಪುಸ್ತಕಗಳನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವಿಷಯವು ಸಣ್ಣದೆಂದು ತೋರಬಹುದು. ಆದರೆ ಒಂದು ನಾಡು ಒಂದಾಗುವುದು ಕಚೇರಿಯ ಕಾಗದಗಳಿಂದ ಮಾತ್ರವೇ ಅಲ್ಲ. ಅದರ ಮಕ್ಕಳು ಒಂದೇ ಅಕ್ಷರವನ್ನು ತಿದ್ದಿ, ಒಂದೇ ಕಥೆಗೆ ಕಣ್ಣೀರಿಟ್ಟು ಬೆಳೆದಾಗ ಅದು ನಿಜವಾಗಿ ಒಂದಾಗುವುದು. ಆದುದರಿಂದ ಈ ವಿಷಯವನ್ನು ನಾನು ರಾಜಕಾರಣಕ್ಕಿಂತ ಕಡಿಮೆಯದೆಂದು ಎಣಿಸಲಾರೆನು.

ನಮ್ಮ ಸೀಮೆಯ ಹಿರಿಯರು ಓದು ಕಲಿತದ್ದು ಹೇಗೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿಯುಂಟು. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ಲರು 1823ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿಯೇ ಅದು. ಈತನು ತೆಲುಗಿಗೆ ವ್ಯಾಕರಣ ಬರೆದವನು, ದೇಶಭಾಷೆಯನ್ನು ಬಲ್ಲವನು. ಅನಂತಪುರದ ಸೀಮೆಯೂ ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಕೈಯಲ್ಲಿದ್ದು ಜಿಲ್ಲೆಯ ಲೆಕ್ಕಕ್ಕೆ ಹೊರಗಾಗಿದ್ದಿತು. ಆ ಜಿಲ್ಲೆಯ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು. ಇಂಗ್ಲಿಷ್ ಶಾಲೆಯು ಒಂದೇ ಒಂದು. ಇವು ಬಹುಮಟ್ಟಿಗೆ ತಂದೆತಾಯಿಗಳು ತಿಂಗಳು ತಿಂಗಳು ಕೊಟ್ಟ ಕಾಸಿನಿಂದ ನಡೆದವು. ನಮ್ಮ ನುಡಿಯನ್ನು ಆಗ ಕಾಪಾಡಿದವರು ಬಡ ಮಠದಯ್ಯಗಳೇ ಹೊರತು ದೊರೆಗಳಲ್ಲ.

ಆ ಶಾಲೆಗಳ ರೀತಿಯನ್ನು ಕೇಳಿರಿ. ಮಗುವಿಗೆ ಐದನೆಯ ವರ್ಷ ತುಂಬಲು ಅಯ್ಯನವರನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಕುಳ್ಳಿರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ದೇವರ ಹೆಸರನ್ನು ಬರೆಯಿಸುತ್ತಿದ್ದರು. ಶಾಲೆಯಲ್ಲಿ ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು ಮೊದಲು. ಓಲೆ, ಕಾಗದ, ಹಲಗೆ, ಕಡತಗಳು ಆಮೇಲೆ. ಬಟ್ಟೆಗೆ ಗಂಜಿ ಹಾಕಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳನ್ನು ಬಳಿದು ಕಡತವನ್ನು ಮಾಡುತ್ತಿದ್ದರು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸಿದರೆ ಅದು ಮತ್ತೆ ಹೊಸದು. ಬೆಳಗಿನಲ್ಲಿ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಪೆಟ್ಟುಗಳು ಹೆಚ್ಚುತ್ತಿದ್ದವು! ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಕಂಡು, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಆ ಅಧಿಕಾರಿಯು ಒಪ್ಪಿಕೊಂಡಿರುವನು. ಓದುತ್ತಿದ್ದ ಗ್ರಂಥಗಳಾದರೂ ಎಂಥವು? ರಾಮಾಯಣ, ಭಾರತ, ಭಾಗವತ, ಬಸವಪುರಾಣ, ಗಿರಿಜಾಕಲ್ಯಾಣ, ಪಂಚತಂತ್ರ!

ಆದರೆ ಅಭಿಮಾನದಿಂದ ಕಣ್ಣು ಮುಚ್ಚಿಕೊಳ್ಳಬಾರದು. ಆ ವರದಿಯಲ್ಲಿಯೇ ಎರಡು ಕಹಿಯಾದ ಮಾತುಗಳಿವೆ. ಒಂದನೆಯದು: ಹುಡುಗರು ಪದ್ಯಗಳನ್ನು ರಾಶಿರಾಶಿಯಾಗಿ ಒಪ್ಪಿಸುತ್ತಿದ್ದರು, ಅರ್ಥದ ವಿಷಯದಲ್ಲಿ ಮಾತ್ರ ಅವರು ಗಿಳಿಗಳಂತೆಯೇ ಇದ್ದರು. ಎರಡನೆಯದು: ಒಂಬತ್ತು ಲಕ್ಷಕ್ಕೆ ಮೀರಿದ ಜನರಲ್ಲಿ ಶಾಲೆಗೆ ಹೋಗುತ್ತಿದ್ದವರು 6,641 ಮಂದಿ, ಅವರಲ್ಲಿ ಹೆಣ್ಣು ಮಕ್ಕಳು ಕೇವಲ 60. ಅಕ್ಷರವಿದ್ದ ಕಡೆ ಅರ್ಥವಿಲ್ಲ; ಅರ್ಥವನ್ನು ಹಂಬಲಿಸುವವರಿಗೆ ಅಕ್ಷರವಿಲ್ಲ!

ಇದು ಬರಿಯ ಅಲಂಕಾರದ ಮಾತಲ್ಲ. ನನ್ನ ಅಜ್ಜಿಗೆ ಅಕ್ಷರ ಬಾರದು. ಆದರೆ ನನಗೆ ಓದು ಕಲಿಸಿದವರು ಯಾರೆಂದು ಕೇಳಿದರೆ ನಾನು ಆಕೆಯ ಹೆಸರನ್ನೇ ಹೇಳುವೆನು. ಶಾಲೆಯಲ್ಲಿ ಕಲಿತ ಪದ್ಯವನ್ನು ನಾನು ಜಂಬದಿಂದ ಒದರುತ್ತಿರಲು ಆಕೆಯು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅದರ ಅರ್ಥ ಏನೋ ತಮ್ಮಾ? ಬರೇ ಒದರಬ್ಯಾಡ, ತಿಳಿಯೋಹಂಗ ಹೇಳು" ಎನ್ನುವಳು. ಹೇಳಲಾರದೆ ನಾನು ಪುನಃ ಪುಸ್ತಕವನ್ನು ತೆರೆಯುವೆನು. ಹೀಗೆ ಬಾಯಿಯ ಓದು ಮನಸ್ಸಿನ ಓದಾಯಿತು.

ಆಕೆಗೆ ನಾನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ ಮೊದಲನೆಯ ದೊಡ್ಡ ಪುಸ್ತಕವು ಗಳಗನಾಥರ ‘ಕನ್ನಡಿಗರ ಕರ್ಮಕಥೆ’. ವಿಜಯನಗರದ ಪತನವೇ ಅದರ ವಸ್ತು. ಗಳಗನಾಥರು ಮೊದಲು ತಮ್ಮಂತೆಯೇ ಶಾಲಾ ಮಾಸ್ತರರು. ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಮಹನೀಯರು. ಈ ಕಾದಂಬರಿಗೆ ಮೂಲವು ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ವೆಂಬುದನ್ನು ಮರೆಯಬಾರದು. ನಮ್ಮ ಹಂಪೆಯ ದುಃಖವನ್ನು ಮರಾಠಿಗರೊಬ್ಬರು ಹಾಡಿದರು. ಕನ್ನಡಿಗರೊಬ್ಬರು ಅದನ್ನು ನಮ್ಮ ಮನೆಗೆ ತಂದರು. ಮರಾಠ ಅರಸರ ಆಳಿಕೆಯಲ್ಲಿ ಕನ್ನಡವನ್ನಾಡಿ ಬಾಳಿದ ಸಂಡೂರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಭಾಷೆಯ ಪ್ರೀತಿಯು ಪರಭಾಷೆಯ ದ್ವೇಷವಲ್ಲ.

ಆ ಪುಸ್ತಕವನ್ನು ಓದುವ ಮೊದಲೂ ನಾನು ವಿರೂಪಾಕ್ಷನ ತೇರಿಗೆ ಹೋಗಿದ್ದೆನು. ಆಗ ಹಂಪೆಯೆಂದರೆ ಬೆಂಡು ಬತ್ತಾಸು ಮತ್ತು ಬಿಸಿಲು. ಓದಿದ ಮರುವರ್ಷ ಹೋದಾಗ ಅವೇ ಕಲ್ಲುಗಳ ಮುಂದೆ ಕಾಲು ನಿಂತುಬಿಟ್ಟವು. 1565ನೆಯ ಇಸವಿಯೆಂಬುದು ಅದುವರೆಗೆ ಪರೀಕ್ಷೆಗೆ ಬರೆಯುವ ಅಂಕಿಯಾಗಿದ್ದಿತು. ಅಂದು ಅದು ನಮ್ಮ ಮನೆಯಲ್ಲಿಯೇ ಆದ ಸಾವಿನಂತೆ ತೋರಿತು.

ಇದು ನನ್ನೊಬ್ಬನ ಅನುಭವವಲ್ಲ. ಧಾರವಾಡದ ವಕೀಲರಾದ ಆಲೂರು ವೆಂಕಟರಾಯರು ಹಂಪೆಯನ್ನು ಕಂಡು ಮನಕರಗಿ, ಮುಂದೆ 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದರು. ಅದನ್ನು ಓದಿದ ತರುಣರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳೆಂದು ಹಂಚಿಹೋಗಿದ್ದರೂ ತಮ್ಮನ್ನು ಒಂದೇ ತಾಯಿಯ ಮಕ್ಕಳೆಂದು ತಿಳಿದರು. ಅದಕ್ಕೂ ಮೊದಲು, 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷ ಅಚ್ಚುಮೊಳೆಗಳಿಗಾಗಿ ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಕಡಲ ತೀರದ ಪತ್ರಿಕೆಗೆ ಬಯಲುಸೀಮೆಯ ಅಚ್ಚು! ಏಕೀಕರಣದ ನಕ್ಷೆಯನ್ನು ಅಧಿಕಾರಿಗಳು ಬರೆಯುವುದಕ್ಕೆ ನೂರು ವರ್ಷ ಮೊದಲೇ ಓದುಗರು ಅದನ್ನು ಬರೆದಿದ್ದರು.

ಆಮೇಲಿನ ಸಂಗತಿಗಳು ತಮಗೆ ತಿಳಿದಿವೆ. 1949ರಲ್ಲಿ ಸಂಡೂರು ಸಂಸ್ಥಾನವು ಬಳ್ಳಾರಿ ಜಿಲ್ಲೆಯಲ್ಲಿ ಕೂಡಿತು; 1953ನೆಯ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿತು; 1956ನೆಯ ನವೆಂಬರ್ 1ರಂದು ನಾಡು ಒಂದಾಯಿತು; 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಗೆ ಹೋಗಿ, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದರೂ ನಮಗೆ ಅಗಲಿಕೆಯ ಭಾವವಿಲ್ಲ. ಗೆರೆಯ ಎರಡು ಕಡೆಯೂ ಅದೇ ಅಕ್ಷರ. ಗಡಿಯಾಚೆ ಉಳಿದ ಕಾಸರಗೋಡನ್ನು ನೆನೆಯಿರಿ. ಅಲ್ಲಿ ಕನ್ನಡದ ಹಣತೆಯನ್ನು ಕಾಪಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಗಳೂ ಹೌದು, ಉಪಾಧ್ಯಾಯರೂ ಹೌದು.

ಈಗ ನಮ್ಮ ಅವಸ್ಥೆಯೇನು? ವಕೀಲನಾದ ನಾನು ಪ್ರತಿವಾರವೂ ಒಂದು ನೋಟವನ್ನು ಕಾಣುವೆನು. ಹೆಬ್ಬೆಟ್ಟು ಒತ್ತುತ್ತಿದ್ದವನ ಮಗನು ಅಂದವಾಗಿ ರುಜು ಹಾಕುವನು, ಹಾಕಿದ ಮೇಲೆ, "ಇದರಾಗ ಏನು ಬರದೈತ್ರೀ?" ಎಂದು ನನ್ನನ್ನೇ ಕೇಳುವನು. ಕಾಗದವು ಕನ್ನಡದಲ್ಲಿಯೇ ಇರುವುದು! ಅದಿರಿನ ಬೆಟ್ಟಗಳ ನಡುವೆ ಹೊಲವುಳ್ಳವನು ಓದದೆ ಹಾಕಿದ ಒಂದು ರುಜುವಿನಿಂದ ಭೂಮಿಯೇ ಕೈಬಿಡಬಹುದು. ಅಕ್ಷರವನ್ನು ನಾವು ಮನೆಮನೆಗೆ ಮುಟ್ಟಿಸಿದೆವು, ಓದನ್ನು ಮುಟ್ಟಿಸಲಿಲ್ಲ. ಗಿಳಿಯ ಪಾಠವು ಇನ್ನೂ ಮುಗಿದಿಲ್ಲ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿಗಳು ಮೂರು. ಶಾಲೆಯ ಬೀರುವಿನ ಬೀಗವನ್ನು ತೆಗೆಯಿರಿ; ಹರಿದ ಪುಸ್ತಕಕ್ಕೆ ದಂಡ ಹಾಕಬೇಡಿರಿ, ಓದದ ಪುಸ್ತಕಕ್ಕೆ ಮರುಗಿರಿ. ದಿನಕ್ಕೆ ಕಾಲು ಗಂಟೆಯಾದರೂ ಪಾಠಪುಸ್ತಕವಲ್ಲದ ಒಂದು ಕಥೆಯನ್ನು ಗಟ್ಟಿಯಾಗಿ ಓದಿರಿ. ಪಂಜೆ ಮಂಗೇಶರಾಯರ ಕಥೆಗಳಿವೆ, ಕಾರಂತರ ‘ಬಾಲ ಪ್ರಪಂಚ’ವಿದೆ. ಮೂರನೆಯದು, ಮಗುವು ಓದಿದ್ದನ್ನು ಮನೆಯಲ್ಲಿ ಓದುಬಾರದ ಒಬ್ಬರಿಗೆ ತಿಳಿಯುವಂತೆ ಹೇಳಿ ಬರುವ ಪದ್ಧತಿಯನ್ನು ಹಾಕಿರಿ. ಇದಕ್ಕೆ ಸರಕಾರದ ಮಂಜೂರಾತಿ ಬೇಡ, ಹಣವೂ ಬೇಡ.

ಪ್ರಾಂತವನ್ನು ಕೂಡಿಸುವ ಕೆಲಸವನ್ನು ಹಿರಿಯರು ಮಾಡಿಹೋದರು. ಆ ಪ್ರಾಂತದ ಪ್ರತಿಯೊಬ್ಬ ಪ್ರಜೆಯೂ ತನ್ನ ಹೊಲದ ಕಾಗದವನ್ನೂ ತನ್ನ ನಾಡಿನ ಕಥೆಯನ್ನೂ ತಾನೇ ಓದಿ ತಿಳಿಯುವಂತೆ ಮಾಡುವ ಕೆಲಸವು ತಮ್ಮದು. ಅದು ನಾಳೆಯ ಬೆಳಗಿನ ಗಂಟೆಯಿಂದಲೇ ಮೊದಲಾಗಲಿ.