ಮಲ್ಲಾಪುರದ ಟೇಶನ್ನೂ ನಮ್ಮ ಹತ್ತಿಯೂ



ರೈಲೇ ಇಲ್ಲದ ಊರಲ್ಲಿ ರೈಲಿನ ಮಾತು ಏಕೆ ಎಂದು ನೀವು ನಗಬಹುದು. ರಾಜೂರಿಗೆ ರೈಲಿಲ್ಲ, ಗಜೇಂದ್ರಗಡಕ್ಕೂ ಇಲ್ಲ. ನಮ್ಮ ಮನೆಯ ಹಿರಿಯರಿಗೆ ‘ಟೇಶನ್’ ಅಂದರೆ ರೋಣದ ಆಚೆಗಿನ ಮಲ್ಲಾಪುರ, ಇಲ್ಲವೇ ಹೊಳೆಆಲೂರು.

ಆ ಹಳಿ ಬಂದದ್ದು ಪ್ರವಾಸಿಗರಿಗಾಗಿ ಅಲ್ಲ, ಬರಗಾಲದ ದೆಸೆಯಿಂದ. 1876-78ರ ಬರದಲ್ಲಿ ಬೇರೆ ಕಡೆ ಕಾಳಿದ್ದರೂ ಈ ಸೀಮೆಗೆ ತರುವುದೇ ಕಷ್ಟವಾಯಿತು. ಕಾಳಿನ ಚಕ್ಕಡಿ ಎಳೆಯಬೇಕಾದ ಎತ್ತಿಗೂ ಮೇವು ನೀರು ಬೇಕಲ್ಲ! ಎತ್ತೇ ಸತ್ತ ಮೇಲೆ ಚೀಲ ಎಳೆಯುವವರು ಯಾರು? 1880ರ ಬರಗಾಲ ಆಯೋಗ ರೈಲುಹಾದಿ ಹೆಚ್ಚಿಸಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಹಾದು ಗದಗಿನವರೆಗೆ ಮೀಟರ್ ಗೇಜ್ ಹಳಿ ಹಾಕಿತು. ಹೋಟಗಿಯಲ್ಲಿ ದೊಡ್ಡ ಹಳಿ ಮುಗಿದು ಸಣ್ಣ ಹಳಿ ಶುರು; ಪ್ರತಿ ಚೀಲವನ್ನೂ ಇಳಿಸಿ ಮತ್ತೆ ಹೇರಬೇಕಿತ್ತು. ಹಮಾಲರ ಬೆನ್ನೇ ಅಲ್ಲಿ ಸೇತುವೆ.

ಆದರೆ ಕಾಳು ತರುವ ಹಳಿ ಬೆಳೆ ಒಯ್ಯಲೂ ಬಲ್ಲದು. ಅದಕ್ಕೂ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನ ಮೇಲೆ, ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ನಮ್ಮ ಎರೆಭೂಮಿಯಲ್ಲಿ, ಮುಂಬಯಿ ಪೇಟೆಯಲ್ಲಿ ಹೆಸರು ಮಾತ್ರ ‘ಕುಮಟಾ ಹತ್ತಿ’! ರೈಲು ಬಂದ ಮೇಲೆ ಗದಗಿನ ಪೇಟೆ ಬೆಳೆಯಿತು, ಕುಮಟಾದ ಬಂದರು ಸೊರಗಿತು. ಒಂದೂರಿನ ಟೇಶನ್ ಇನ್ನೊಂದೂರಿನ ಬಂದರನ್ನು ನುಂಗುತ್ತದೆ ಎಂಬುದನ್ನು ಪಾಠದ ಪುಸ್ತಕ ನಮಗೆ ಹೇಳಿರಲಿಲ್ಲ.

ನಮ್ಮಜ್ಜ ರಾತ್ರಿಯಿಡೀ ಚಕ್ಕಡಿ ಹೊಡೆದು ಆ ಕಡೆ ಹೋದವ. ಕತ್ತಲಲ್ಲಿ ಉಗಿಬಂಡಿಯ ಕೂಗು ಕೇಳಿದರೆ ಎತ್ತು ಬೆದರುತ್ತಿದ್ದವಂತೆ, ಅವುಗಳ ಕಿವಿಗೆ ಅರಿವೆ ಕಟ್ಟುತ್ತಿದ್ದೆವು ಎನ್ನುತ್ತಿದ್ದ. ಅರಿವೆಯಿಂದ ಎಷ್ಟು ಉಪಯೋಗವಾಯಿತೋ ಎತ್ತನ್ನೇ ಕೇಳಬೇಕು.

ಆಮೇಲೆ ಲಾರಿ ಬಂತು. ಹೊಲದ ಬದುವಿಗೇ ಬಂದು ಚೀಲ ಹೇರಿಕೊಳ್ಳುವ ಲಾರಿಯ ಮುಂದೆ ಸಣ್ಣ ಟೇಶನ್ ಏನು ಮಾಡೀತು? ಉಗಿಯೂ ಹೋಯಿತು, ಇಂಜಿನ್‌ಗೆ ನೀರು ಕುಡಿಸುವ ಕೊಳಾಯಿಯೂ ಹೋಯಿತು. 2008ರ ಹೊತ್ತಿಗೆ ಗದಗ–ಬಾಗಲಕೋಟೆ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಆಯಿತು. ಗಾಡಿಗಳು ಈಗಲೂ ಓಡುತ್ತವೆ. ನಮ್ಮಜ್ಜನ ಟೇಶನ್ ಮಾತ್ರ ಉಳಿದಿಲ್ಲ.

2025ರ ಮೇ ತಿಂಗಳಲ್ಲಿ ಗದಗ–ವಾಡಿ ಹೊಸ ಮಾರ್ಗದ ರೈಲು ಕುಕನೂರು, ಯಲಬುರ್ಗಾ ಹಾದು ಕುಷ್ಟಗಿ ಮುಟ್ಟಿತು. ನಮ್ಮ ಮಗ್ಗುಲಲ್ಲೇ ಹೋಯಿತು. ಗಜೇಂದ್ರಗಡದವರ ಬೇಡಿಕೆ ಹಾಗೇ ಇದೆ. ನನ್ನ ಕೇಳಿದರೆ ಅದು ನ್ಯಾಯದ ಬೇಡಿಕೆ. ಕಾಲೇಜಿಗೆಂದು ನಸುಕಿನಲ್ಲೇ ಬಸ್ಸಿಗೆ ನಿಲ್ಲುವ ಹುಡುಗಿಯರನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳೇ, ನಿಮ್ಮಲ್ಲಿ ಒಂದು ಕೆಲಸ ಕೇಳುತ್ತೇನೆ. ಮಲ್ಲಾಪುರಕ್ಕೆ ಚಕ್ಕಡಿ ಹೊಡೆದವರು, ಹೊಡೆದವರ ಮಕ್ಕಳು ಈ ಊರಲ್ಲಿ ಇನ್ನೂ ಕೆಲವರಿದ್ದಾರೆ. ಬೇಸಿಗೆ ರಜೆಯಲ್ಲಿ ಅವರ ಕಟ್ಟೆಗೆ ಹೋಗಿ ಕೂಡಿರಿ. ಯಾವ ದಾರಿ ಹಿಡಿದರು, ಎಲ್ಲಿ ರೊಟ್ಟಿ ಬಿಚ್ಚಿದರು, ಚೀಲಕ್ಕೆ ಎಷ್ಟು ರೊಕ್ಕ ಬಂತು, ಎಲ್ಲ ಕೇಳಿ ಬರೆದುಕೊಳ್ಳಿರಿ. ಆ ನೋಟುಬುಕ್ಕನ್ನು ಶಾಲೆಯ ಕಪಾಟಿನಲ್ಲಿ ಇಡಲು ಗುರುಗಳು ಒಪ್ಪಿದ್ದಾರೆ. ಬೈಂಡಿನ ಖರ್ಚು ನನ್ನದು.