ಮಿಜಾಜ್ ಎಂಬುದು ಬೆರಕೆ, ಮುದ್ರೆಯಲ್ಲ
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ಯೋಗಕ್ಷೇಮ ವಿಚಾರಿಸುವಾಗ 'ಮಿಜಾಜ್ ಕೈಸಾ ಹೈ' ಎನ್ನುತ್ತೇವೆ. ಅರಬ್ಬಿ ಮೂಲದ ಈ ಪದದ ಅರ್ಥ ಬೆರಕೆ. ಯುನಾನಿ ವೈದ್ಯರು ಮನುಷ್ಯ ಸ್ವಭಾವವನ್ನು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳ ಮಿಶ್ರಣವೆಂದು ವಿವರಿಸಿದರು. ಇಂದಿನ ವಿಜ್ಞಾನ ಆ ವಿವರಣೆಯನ್ನು ಒಪ್ಪುವುದಿಲ್ಲ. ಆದರೆ ಸ್ವಭಾವವೆಂದರೆ ಬೆರಕೆ ಎಂಬ ಮಾತು ನೆನಪಿಡುವಂಥದು.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ವ್ಯಕ್ತಿತ್ವದ ಪ್ರಕಾರಗಳ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಮನಸ್ಸಿಗೆ ನಾಲ್ಕು ಕಾರ್ಯಗಳಿವೆ ಎಂದರು: ಸಂವೇದನೆ, ಆಲೋಚನೆ, ಭಾವನೆ, ಅಂತಃಸ್ಫುರಣೆ. ಒಂದು ಉದಾಹರಣೆ ನೋಡೋಣ. ವರ್ಷದ ನಡುವೆ ತರಗತಿಗೆ ಹೊಸ ಹುಡುಗನೊಬ್ಬ ಬರುತ್ತಾನೆ. ಅವನ ಬಳಿ ಪುಸ್ತಕವಿಲ್ಲ, ಕೊನೆಯ ಬೆಂಚಿನಲ್ಲಿ ಕುಳಿತಿದ್ದಾನೆ ಎಂದು ಕಾಣುವುದು ಸಂವೇದನೆ. ತಡವಾಗಿ ಸೇರಿದ್ದರಿಂದ ಯಾವ ಪಾಠಗಳು ತಪ್ಪಿವೆ ಎಂದು ತರ್ಕಿಸುವುದು ಆಲೋಚನೆ. ಅವನು ಒಂಟಿಯಾಗಿರುವುದು ಸರಿಯಲ್ಲ ಎಂದು ಬೆಲೆ ಕಟ್ಟುವುದು ಭಾವನೆ. ಹೀಗೇ ಬಿಟ್ಟರೆ ಶಾಲೆಗೆ ಬರುವುದನ್ನೇ ನಿಲ್ಲಿಸಬಹುದು ಎಂದು ಮುಂದಿನದು ಹೊಳೆಯುವುದು ಅಂತಃಸ್ಫುರಣೆ. ಯೂಂಗರ ಮಾತಿನಲ್ಲಿ ಭಾವನೆ ಎಂದರೆ ಕಣ್ಣೀರಲ್ಲ. ಯಾವುದು ಮುಖ್ಯ ಎಂಬ ತೀರ್ಮಾನ.

ನಾಲ್ಕೂ ಎಲ್ಲರಲ್ಲಿವೆ. ಒಂದು ಮುಂದೆ ನಿಂತರೆ ಅದರ ಎದುರಿನದು ಹಿಂದುಳಿಯುತ್ತದೆ ಎಂಬುದು ಅವರ ಅಭಿಪ್ರಾಯ. ಅಂತರ್ಮುಖ, ಬಹಿರ್ಮುಖ ಎಂಬ ಎರಡು ದಿಕ್ಕುಗಳನ್ನು ಸೇರಿಸಿ ಎಂಟು ಪ್ರಕಾರಗಳನ್ನು ಹೇಳಿದರು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಇದನ್ನು ಪ್ರಶ್ನಾವಳಿಯಾಗಿಸಿದರು. 1962ರಲ್ಲಿ ಅದರ ಕೈಪಿಡಿ ಪ್ರಕಟವಾಯಿತು. ಎಂಟು ಪ್ರಕಾರಗಳು ಹದಿನಾರಾದವು, ಪ್ರತಿಯೊಂದಕ್ಕೂ ನಾಲ್ಕಕ್ಷರದ ಹೆಸರು ಬಂತು.

ಅದರ ನಕಲುಗಳನ್ನು ಇಂದು ಮಕ್ಕಳು ಮೊಬೈಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ಆಮೇಲೆ 'ನಾನು ಅಂತರ್ಮುಖಿ ಸಾರ್, ಬಿ.ಎಡ್. ನನಗಲ್ಲ' ಎನ್ನುತ್ತಾರೆ. ನನ್ನ ಆತಂಕ ಇಲ್ಲಿಯೇ.

ಈ ಪರೀಕ್ಷೆಯ ಮಿತಿಗಳನ್ನು ತಿಳಿಯಿರಿ. ಕೆಲವು ವಾರಗಳ ನಂತರ ಮತ್ತೆ ಉತ್ತರಿಸಿದಾಗ ಬಹಳ ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ. ಊರಿನಲ್ಲಿ ಎತ್ತರದವರು, ಕುಳ್ಳರು ಎಂಬ ಎರಡೇ ಗುಂಪುಗಳಿಲ್ಲ, ಹೆಚ್ಚಿನವರು ನಡುವಿನವರು. ಸ್ವಭಾವವೂ ಹಾಗೆಯೇ. ಆದ್ದರಿಂದಲೇ ಇಂದಿನ ಸಂಶೋಧಕರಲ್ಲಿ ಹೆಚ್ಚಿನವರು ಜನರನ್ನು ಪ್ರಕಾರಗಳಾಗಿ ವಿಂಗಡಿಸದೆ, ಐದು ಗುಣಗಳನ್ನು ಹೆಚ್ಚು ಕಡಿಮೆಯ ಪ್ರಮಾಣದಲ್ಲಿ ಅಳೆಯುತ್ತಾರೆ. ಮೂಲ ಪ್ರಶ್ನಾವಳಿಯ ಪ್ರಕಾಶಕರೇ ಉದ್ಯೋಗಕ್ಕೆ ಆಯ್ಕೆ ಮಾಡಲು ಅದನ್ನು ಬಳಸಬಾರದೆಂದು ಹೇಳುತ್ತಾರೆ. ಹೀಗಿರುವಾಗ ಹದಿನಾರು ವರ್ಷದ ಮಗುವಿನ ಭವಿಷ್ಯವನ್ನು ಅದರಿಂದ ತೀರ್ಮಾನಿಸುವುದು ನ್ಯಾಯವೇ?

ಪೋಷಕರೇ, ಮುದ್ರೆ ಒತ್ತುವುದು ಮೊಬೈಲ್ ಮಾತ್ರವಲ್ಲ. 'ಇವನು ಮಂಕ', 'ಇವಳಿಗೆ ಗಣಿತ ಹತ್ತುವುದಿಲ್ಲ' ಎಂದು ನಾವೂ ಒತ್ತುತ್ತೇವೆ. ಮಗು ಅದನ್ನೇ ನಂಬಿ ಬೆಳೆಯುತ್ತದೆ.

ಹಾಗಾದರೆ ಯೂಂಗರ ಚಿಂತನೆ ನಿರುಪಯುಕ್ತವೇ? ಅಲ್ಲ. ನಾಲ್ಕನ್ನೂ ನಾಲ್ಕು ಪ್ರಶ್ನೆಗಳಾಗಿ ಬಳಸಿರಿ. ಎಸ್.ಎಸ್.ಎಲ್.ಸಿ. ಮುಗಿದಿದೆ ಎನ್ನಿ. ಮೊದಲು ವಾಸ್ತವ ನೋಡಿ: ಅಂಕ ಎಷ್ಟು, ಶುಲ್ಕ ಎಷ್ಟು, ಕಾಲೇಜು ಎಷ್ಟು ದೂರ. ಎರಡನೆಯದು ತರ್ಕ: ಪಿಯುಸಿಯಲ್ಲಿ ಗಣಿತ ಬಿಟ್ಟರೆ ಇಂಜಿನಿಯರಿಂಗ್ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ, ಅದು ಸಮ್ಮತವೇ? ಮೂರನೆಯದು ಮೌಲ್ಯ: ನನಗೂ ಮನೆಯವರಿಗೂ ಯಾವುದು ಮುಖ್ಯ? ನಾಲ್ಕನೆಯದು ಮುನ್ನೋಟ: ಐದು ವರ್ಷದ ನಂತರ ನಾನು ಎಲ್ಲಿರಬಲ್ಲೆ? ಯಾವ ಪ್ರಶ್ನೆಯನ್ನು ನೀವು ಹಾರಿಸಿಬಿಡುತ್ತೀರೋ, ಅದಕ್ಕೇ ಹೆಚ್ಚು ಸಮಯ ಕೊಡಿ. ಆ ಪ್ರಶ್ನೆ ಸುಲಭವಾಗಿ ಹೊಳೆಯುವ ಗೆಳೆಯನನ್ನೋ, ಅಕ್ಕನನ್ನೋ, ಗುರುಗಳನ್ನೋ ಕೇಳಿ.

ಶಿಕ್ಷಕ ಮಿತ್ರರೇ, ಹಿಂದಿನ ಬೆಂಚಿನ ಮೌನಿಯನ್ನು 'ಅವನ ಸ್ವಭಾವವೇ ಹಾಗೆ' ಎಂದು ಬಿಟ್ಟುಬಿಡಬೇಡಿ. ಮಾತನಾಡಲು ಅವನಿಗೆ ಇನ್ನೆರಡು ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೆ. ಬೆರಕೆಯ ಪ್ರಮಾಣ ಕಾಲದೊಂದಿಗೆ, ಅಭ್ಯಾಸದೊಂದಿಗೆ ಬದಲಾಗುತ್ತದೆ. ಬದಲಾಗಲು ಮಕ್ಕಳಿಗೆ ಅವಕಾಶ ಕೊಡೋಣ.